ತುಟಿ ಕಾಣುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಕೊಳ್ಳುತ್ತೇನೆಂದು ನಾಲ್ಕು ಜನರ ಮುಂದೆ ಬಾಯಿ ಬಿಡಬಾರದು. ಬಿಟ್ಟರೆ ಆ ಗಳಿಗೆಯಿಂದ ಆ ನಾಲ್ವರೂ ಇಂಜಿನಿಯರುಗಳಾಗಿಬಿಡುತ್ತಾರೆ. ನಾನು ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಓಡಾಟ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ, ಕಡಿಮೆ ಬೆಲೆಯಲ್ಲಿ ದಿನಬಳಕೆಗೆ ಆಗುವಂಥ ಒಳ್ಳೆಯ ಲ್ಯಾಪ್‌ಟಾಪ್ ಯಾವುದಿದೆ ಎಂದು ಕೇಳಿದೆ, ಅಷ್ಟೇ. ಗಣಿತದ ಮೇಷ್ಟ್ರು ಎಂಜಲು ಕೈಯಲ್ಲೇ ಪ್ರೊಸೆಸರ್ ಪಾಠ ಶುರುಮಾಡಿದರು. ಎಂಟು ಜಿಬಿಗಿಂತ ಕಡಿಮೆ ರ‍್ಯಾಮ್ ಇರುವುದನ್ನು ಕೊಂಡರೆ ಆಯುಷ್ಯವೆಲ್ಲ ಅಳಬೇಕಾಗುತ್ತದೆ ಎಂದು ಪಿ.ಟಿ. ಮೇಷ್ಟ್ರು ಶಾಪ ಹಾಕಿದರು. ಅವರು ಲ್ಯಾಪ್‌ಟಾಪ್ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ.

"ಮೇಡಮ್, ಮೊದಲು ಯಾವ ಕೆಲಸಕ್ಕೆ ಅಂತ ಹೇಳಿ," ಅಂದರು ಗಣಿತದ ಮೇಷ್ಟ್ರು.

"ನಮ್ಮಮ್ಮಂಗೆ ಸಾರ್."

"ಅವರೇನ್ ಮಾಡ್ತಾರೆ ಅದ್ರಲ್ಲಿ?"

"ಅವರ ಅಕ್ಕನ ಜೊತೆ ಮಾತಾಡ್ತಾರೆ."

"ಅದಕ್ಕೆ ಫೋನ್ ಸಾಕಲ್ವಾ?"

"ಅಕ್ಕನಿಗೆ ಕಿವಿ ಕೇಳಿಸಲ್ಲ."

ಮೇಷ್ಟ್ರು ತುತ್ತು ನುಂಗಿ ನನ್ನನ್ನೇ ನೋಡಿದರು. ಕಿವಿ ಕೇಳಿಸದವರ ಜೊತೆ ಮಾತಾಡುವುದಕ್ಕೆ ಲ್ಯಾಪ್‌ಟಾಪ್ ಎಂಬುದು ಅವರ ಯಾವ ಸೂತ್ರಕ್ಕೂ ಹೊಂದಲಿಲ್ಲ. ಬಿಡಿಸಿ ಹೇಳೋಣವೆಂದರೆ ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಅಮ್ಮಿ ಮತ್ತು ಖಾಲಾ, ಅಂದರೆ ಅಮ್ಮಿಯ ಅಕ್ಕ, ಇಬ್ಬರೂ ಶಿಡ್ಲಘಟ್ಟದ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದವರು. ಮೇಲೂರಿನ ಕಡೆಯಿಂದ ಬಂದ ಗೂಡನ್ನು ಬೇಯಿಸಿ, ಬಿಸಿನೀರಿನ ಬೇಸನ್ನಿಗೆ ಹಾಕಿ, ಕಣ್ಣಿಗೆ ಕಂಡೂ ಕಾಣದಂಥ ಎಳೆಗಳನ್ನು ಹಿಡಿದು ಒಟ್ಟುಗೂಡಿಸಿ ರಾಟೆಗೆ ಕೊಡುವ ಕೆಲಸ. ಹೆಂಗಸರೆಲ್ಲ ಸಾಲಾಗಿ ಒಬ್ಬರ ಪಕ್ಕ ಒಬ್ಬರು ಕೂರಬೇಕು. ಮೋಟಾರು, ರಾಟೆಗಳ ಸದ್ದಿನಲ್ಲಿ ಕಿವಿಯ ಹತ್ತಿರ ಬಂದು ಕೂಗಿದರೂ ಏನೂ ಕೇಳಿಸದು. ಹಾಗಂತ ಅಷ್ಟು ಜನ ಹೆಂಗಸರು ಇಡೀ ದಿನ ಬಾಯಿ ಮುಚ್ಚಿಕೊಂಡು ಕೂರುವುದುಂಟೆ? ಅವರು ದನಿಯನ್ನು ಮನೆಯಲ್ಲೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಒಬ್ಬಳು ತುಟಿ ಆಡಿಸಿದರೆ ಪಕ್ಕದವಳು ಓರೆಗಣ್ಣಿನಲ್ಲಿ ಓದುತ್ತಿದ್ದಳು. ಮದುವೆ ಮಾತುಕತೆ, ಅತ್ತೆಯ ಕಾಟ, ಮಾಲೀಕನ ಜಿಪುಣತನ, ಎಲ್ಲವೂ ಆ ಗದ್ದಲದ ನಡುವೆ ಸದ್ದಿಲ್ಲದೆ ಸಾಗುತ್ತಿತ್ತು. ನಮ್ಮವರದು ಉರ್ದು, ಸಾಲಿನಲ್ಲಿದ್ದ ಬೇರೆಯವರದು ಕನ್ನಡ, ತೆಲುಗು. ಎಲ್ಲರ ತುಟಿಯೂ ಎಲ್ಲರಿಗೂ ತಿಳಿಯುತ್ತಿತ್ತಂತೆ.

ನಾನು ಚಿಕ್ಕವಳಿದ್ದಾಗ ಮನೆಯಲ್ಲೂ ಈ ಇಬ್ಬರು ಅಕ್ಕತಂಗಿಯರು ಹಾಗೆಯೇ ಮಾತಾಡಿಕೊಂಡು ಸದ್ದಿಲ್ಲದೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಗುಮಾನಿ. ಈಗಲೂ ಆ ಗುಮಾನಿ ಪೂರ್ತಿ ಹೋಗಿಲ್ಲ.

ಖಾಲಾ ಈಗ ಗೌರಿಬಿದನೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಕಿವಿ ವರ್ಷಗಳಿಂದ ಮಂದವಾಗುತ್ತಾ ಬಂದು ಈಗ ಪೂರ್ತಿ ಹೋಗಿದೆ. ನಡುವೆ ಒಮ್ಮೆ ಕಿವಿಗೆ ಮಿಷನ್ ಕೊಡಿಸಿದ್ದರು. "ಇದನ್ನ ಹಾಕ್ಕೊಂಡ್ರೆ ಮತ್ತೆ ಫಿಲೇಚರಲ್ಲಿ ಕೂತಹಾಗಿರತ್ತೆ" ಎಂದು ತೆಗೆದಿಟ್ಟಳು. ಅಮ್ಮಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಊರೊಳಗೆ ಆಟೋದಲ್ಲಿ ಓಡಾಡಬಹುದು, ದೂರದ ಪ್ರಯಾಣ ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಇಬ್ಬರೂ ಮುಖ ನೋಡಿಕೊಂಡು ಬಹಳ ದಿನವಾಗಿತ್ತು. ಆಗ ಗೌರಿಬಿದನೂರಿನಿಂದ ಭಾಭಿಯ ಫೋನು ಬಂತು. ಭಾಭಿ ಅಂದರೆ ಖಾಲಾನ ಸೊಸೆ, ಒಳ್ಳೆಯ ಹೆಂಗಸು, ಇಡೀ ಮನೆಯನ್ನು ಒಬ್ಬಳೇ ಹೊತ್ತವಳು.

"ಅತ್ತೆಗೆ ಮರೆವು ಜಾಸ್ತಿ ಆಗಿದೆ," ಅಂದಳು. "ಏನು ಕೇಳಿದ್ರೂ ಸುಮ್ಮನೆ ನೋಡ್ತಾ ಕೂತಿರ್ತಾರೆ. ಯಾರು ಬಂದ್ರು ಯಾರು ಹೋದ್ರು ಅನ್ನೋದೇ ಗೊತ್ತಾಗ್ತಿಲ್ಲ ಅನ್ನಿಸತ್ತೆ. ಡಾಕ್ಟರಿಗೆ ತೋರಿಸ್ಬೇಕು."

ನಮ್ಮ ಮನೆಮಾತು ಉರ್ದು. ಓದುವವರ ಅನುಕೂಲಕ್ಕೆ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಮ್ಮಿಗೆ ವಿಷಯ ಹೇಳಿದೆ. ಅವಳು ಸಿಡುಕಿದಳು.

"ಮರೆವೂ ಇಲ್ಲ, ಏನೂ ಇಲ್ಲ. ಕಿವಿ ಕೇಳಿಸಲ್ಲ ಅಷ್ಟೇ. ಕಿವಿ ಬೇರೆ, ತಲೆ ಬೇರೆ."

ಬಾಯಲ್ಲಿ ಹಾಗಂದಳೇ ಹೊರತು ಅವತ್ತಿನಿಂದ ಅವಳ ಮುಖ ಗೆಲುವಾಗಿರಲಿಲ್ಲ. ಒಂದು ಸಂಜೆ ಚಹಾ ಕುಡಿಯುತ್ತಾ, "ನನ್ನನ್ನೂ ಮರೆತಿದ್ರೆ?" ಎಂದು ಕೇಳಿದಳು. ಖಾಲಾ ಇನ್ನೂ ಖಾಲಾ ಆಗಿಯೇ ಇದ್ದಾಳೋ ಇಲ್ಲವೋ ಎಂಬುದು ಅಮ್ಮಿಗೆ ಗೊತ್ತಾಗಬೇಕಿತ್ತು. ಬೇರೆ ಯಾರು ಹೇಳಿದರೂ ನಂಬುವವಳಲ್ಲ.

ನನ್ನ ಫೋನಿನಲ್ಲಿ ವೀಡಿಯೊ ಕಾಲ್ ಮಾಡಿ ನೋಡಿದೆವು. ಆ ಕಡೆ ಭಾಭಿ ಫೋನು ಹಿಡಿದು ನಿಂತಳು, ಈ ಕಡೆ ನಾನು. ಖಾಲಾನ ಮುಖ ಅಂಗೈಯಷ್ಟು ಕಂಡಿತು, ಬಾಯಿ ಹುಣಸೆಬೀಜದಷ್ಟು. "ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ" ಅಂದು ಅವಳು ಆ ಕಡೆ ತಿರುಗಿಬಿಟ್ಟಳು. ಗ್ಯಾಸ್ ಸಿಲಿಂಡರ್ ತಂದವರಿಗೂ ಹಾಗೆಯೇ ಹೇಳುತ್ತಾಳೆ ಎಂದಳು ಭಾಭಿ. ಅಮ್ಮಿ ಒಬ್ಬಳೇ ಕೂತು ನಿಧಾನವಾಗಿ ಮಾತಾಡೋಣವೆಂದರೆ ಫೋನು ಅವಳ ಮಾತು ಕೇಳುವುದಿಲ್ಲ. ಬಿಸಿನೀರಿನಲ್ಲಿ ಬೆಂದು ಬೆಂದು ಬೆರಳ ತುದಿಯ ಚರ್ಮ ನುಣುಪಾಗಿ ಗಟ್ಟಿಯಾಗಿದೆ. ಎಷ್ಟು ಒತ್ತಿದರೂ ಫೋನಿನ ಗಾಜು ಅದನ್ನು ಬೆರಳೆಂದೇ ಒಪ್ಪುವುದಿಲ್ಲ. ಒತ್ತಲು ನಿಜವಾದ ಕೀಲಿಗಳಿರಬೇಕು, ಖಾಲಾನ ತುಟಿ ಕಾಣುವಷ್ಟು ದೊಡ್ಡ ಪರದೆ ಇರಬೇಕು, ಅಮ್ಮಿಯ ತುಟಿ ಆ ಕಡೆ ಕಾಣುವಂಥ ಕ್ಯಾಮೆರಾ ಇರಬೇಕು. ಗೌರಿಬಿದನೂರಿನ ಮನೆಯಲ್ಲಿ ಮಕ್ಕಳ ಓದಿಗೆಂದು ಕೊಂಡ ಒಳ್ಳೆಯ ಲ್ಯಾಪ್‌ಟಾಪ್ ಆಗಲೇ ಇತ್ತು. ಆಗಬೇಕಾದದ್ದು ನಮ್ಮ ಕಡೆಯದು.

ಕ್ಯಾಮೆರಾದ ವಿಷಯ ಬಂದಾಗ ನನಗೊಂದು ಸತ್ಯ ಗೊತ್ತಾಯಿತು. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಮಾಡುವವರು ಎಲ್ಲಕ್ಕೂ ಖರ್ಚು ಮಾಡಿ ಕೊನೆಗೆ ಕ್ಯಾಮೆರಾಕ್ಕೆ ಕೈ ಬಿಗಿಹಿಡಿಯುತ್ತಾರೆ. ಯೂಟ್ಯೂಬಿನಲ್ಲಿ ಸಲಹೆ ಕೊಡುವ ಹುಡುಗರೆಲ್ಲ ಬ್ಯಾಟರಿ, ತೂಕ, ವೇಗ ಎಂದು ಗಂಟಲು ಹರಿದುಕೊಂಡು, ಕ್ಯಾಮೆರಾ ಬಂದಾಗ "ಇದೆ, ನಡೆಯುತ್ತೆ" ಎಂದು ಮುಂದೆ ಹೋಗುತ್ತಾರೆ. ಯಾರಿಗೆ ನಡೆಯುತ್ತೆ ಎಂದು ನಾನು ಪರದೆಗೇ ಗದರಿದ್ದುಂಟು.

ಚಿಂತಾಮಣಿಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಅಗ್ಗಕ್ಕೆ ಸಿಗುತ್ತವೆಂದು ಕೇಳಿ ಒಂದು ಶನಿವಾರ ಮಧ್ಯಾಹ್ನ ಹೋದೆ. ನೋಡಲು ಗಟ್ಟಿಮುಟ್ಟಾದ ಕರೀ ಲ್ಯಾಪ್‌ಟಾಪ್ ಒಂದು ಮನಸ್ಸಿಗೆ ಬಂತು. ಅಮ್ಮಿಗೆ ತೋರಿಸದೆ ಕೊಳ್ಳುವ ಧೈರ್ಯವಿರಲಿಲ್ಲ. ಅದರ ಕ್ಯಾಮೆರಾದ ಮುಂದೆ ಕೂತು ದನಿಯಿಲ್ಲದೆ ತುಟಿ ಆಡಿಸಿ ವೀಡಿಯೊ ಮಾಡಿಕೊಂಡೆ. ಅಂಗಡಿಯವರು ನನ್ನನ್ನು ನೋಡಿ ತಮ್ಮ ಸ್ಪೀಕರ್ ಪರೀಕ್ಷೆ ಮಾಡಿದರು. ಆ ವೀಡಿಯೊವನ್ನು ಫೋನಿಗೆ ಹಾಕಿಕೊಂಡು ಮನೆಗೆ ತಂದು ತೋರಿಸಿದೆ.

"ಏನು ಹೇಳಿದ್ದೀನಿ, ಹೇಳು?" ಅಂದೆ.

ಅಮ್ಮಿ ಕನ್ನಡಕ ಏರಿಸಿ ನೋಡಿದಳು. "ನಿನಗೆ ಬಾಯೇ ಇಲ್ಲ ಇದ್ರಲ್ಲಿ. ಯಾರೋ ಒದ್ದೆ ಬಟ್ಟೇಲಿ ಒರೆಸಿದಹಾಗಿದೆ," ಅಂದಳು. ಕನ್ನಡಕ ತೆಗೆದಿಟ್ಟು, "ಇದ್ದಿದ್ರೂ ನಿನಗೆ ತುಟಿ ಆಡಿಸೋಕೆ ಬರಲ್ಲ. ಟೀಚರು ನೀನು, ಬರೀ ಕೂಗಿ ಅಭ್ಯಾಸ," ಎಂದು ಸೇರಿಸಿದಳು. ಚಿಂತಾಮಣಿಯ ಕರೀ ಲ್ಯಾಪ್‌ಟಾಪಿನ ಕಥೆ ಅಲ್ಲಿಗೆ ಮುಗಿಯಿತು.

ಮಾರನೆಯ ವಾರ ಅವಳನ್ನೇ ಆಟೋದಲ್ಲಿ ಕೂರಿಸಿಕೊಂಡು ನಮ್ಮೂರಿನ ಅಂಗಡಿಗೇ ಹೋದೆ. ಮೊಬೈಲು ರಿಪೇರಿ, ಪ್ರಿಂಟರು, ಲ್ಯಾಪ್‌ಟಾಪು ಎಲ್ಲ ಒಂದೇ ಸೂರಿನಡಿ ಇಟ್ಟುಕೊಂಡ, ನನ್ನ ವಯಸ್ಸಿನವರೇ ಆದ ಒಬ್ಬರ ಅಂಗಡಿ. ಅಮ್ಮಿಗೆ ಕುರ್ಚಿ ಹಾಕಿಕೊಟ್ಟು ವಿಚಾರಿಸಿದರು.

"ಯಾವ ಕೆಲಸಕ್ಕೆ ಬೇಕಮ್ಮಾ? ಟೈಪಿಂಗಾ, ಆಫೀಸಾ, ಮಕ್ಕಳ ಓದಿಗಾ?"

"ಮಾತಾಡಕ್ಕಪ್ಪಾ," ಅಂದಳು ಅಮ್ಮಿ ಕನ್ನಡದಲ್ಲಿ.

"ಹಾಗಾದ್ರೆ ಇದರ ಸ್ಪೀಕರ್ ಚೆನ್ನಾಗಿದೆ, ಕೇಳಿ."

"ಸ್ಪೀಕರ್ ಕಟ್ಕೊಂಡು ಏನ್ ಮಾಡ್ಲಿ? ನಮ್ದು ಸೌಂಡಿಲ್ದಿರೋ ಮಾತು."

ಅವರು ನನ್ನ ಕಡೆ ನೋಡಿದರು. ನಾನು ವಿಷಯ ಬಿಡಿಸಿ ಹೇಳಿದೆ. ಅವರ ಅಜ್ಜಿಯೂ ಯಾವುದೋ ಕಾಲದಲ್ಲಿ ನೂಲು ಬಿಚ್ಚುತ್ತಿದ್ದರಂತೆ. ಕೂಡಲೇ ಉತ್ಸಾಹ ಬಂದು, ಸಾಲಾಗಿದ್ದ ಲ್ಯಾಪ್‌ಟಾಪುಗಳ ಕ್ಯಾಮೆರಾ ಒಂದೊಂದಾಗಿ ತೆರೆದಿಟ್ಟರು. ನಡುವೆ ಅಭ್ಯಾಸಬಲದಿಂದ, "ಇದಕ್ಕೆ ಪಾಸ್‌ವರ್ಡೇ ಬೇಡಮ್ಮಾ, ಬೆರಳಿಟ್ರೆ ಸಾಕು, ಓಪನ್ ಆಗ್ತದೆ," ಎಂದು ಒಂದನ್ನು ಮುಂದೆ ತಳ್ಳಿದರು. ಅಮ್ಮಿ ಬೆರಳಿಟ್ಟಳು. ಒಂದಾದ ಮೇಲೊಂದು ಬೆರಳಿಟ್ಟಳು. ಲ್ಯಾಪ್‌ಟಾಪ್ ಕಮಕ್ ಕಿಮಕ್ ಅನ್ನಲಿಲ್ಲ.

"ರೇಷನ್ ಅಂಗಡಿ ಮಿಷನ್ನಿಗೇ ಸಿಗದಿರೋ ಬೆರಳಪ್ಪಾ ಇದು," ಅಂದಳು ಅಮ್ಮಿ ಸ್ವಲ್ಪ ಹೆಮ್ಮೆಯಿಂದಲೇ.

ಆಮೇಲೆ ಅವಳು ಒಂದೊಂದೇ ಲ್ಯಾಪ್‌ಟಾಪಿನ ಮುಂದೆ ಕೂತು ತುಟಿ ಆಡಿಸಿ ತನ್ನ ತುಟಿಯನ್ನೇ ಪರದೆಯಲ್ಲಿ ನೋಡುತ್ತಾ ಬಂದಳು. ಒಂದರಲ್ಲಿ ಮುಖ ಹಳದಿ, ಒಂದರಲ್ಲಿ ಹಲ್ಲೇ ಕಾಣದು, ಇನ್ನೊಂದರಲ್ಲಿ ತುಟಿ ಆಡಿದ ಮೇಲೆ ಚಿತ್ರ ಆಡುವುದು. ಒಳಗೆ ಬಂದ ಗಿರಾಕಿಯೊಬ್ಬರು, "ಅಜ್ಜಿ ಪ್ರಾರ್ಥನೆ ಮಾಡ್ತಾವ್ರಾ?" ಎಂದು ಮೆಲ್ಲಗೆ ಕೇಳಿದರು. ಹೌದು ಅಂದೆ. ಅವಳು ನಿಜಕ್ಕೂ ಹೇಳುತ್ತಿದ್ದುದು ಏನೆಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ಹಳೆಯ ಫಿಲೇಚರ್ ಮಾಲೀಕನಿಗೆ ಅವರು ಬೈಯುತ್ತಿದ್ದ ಬೈಗುಳಗಳಂತೆ. ಅವುಗಳಲ್ಲಿ ತುಟಿಯ ಎಲ್ಲ ಆಟವೂ ಬರುತ್ತದೆಯಂತೆ.

ಕೊನೆಗೆ ಮೂಲೆಯಲ್ಲಿದ್ದ ಬೂದಿಬಣ್ಣದ್ದೊಂದರ ಮುಂದೆ ಅಮ್ಮಿ ಬಹಳ ಹೊತ್ತು ಕೂತಳು. ಅದರಲ್ಲಿ ಅವಳ ತುಟಿಯ ಅಂಚಿನ ಗೆರೆಗಳು ಕೂಡ ಎಣಿಸುವ ಹಾಗೆ ಕಾಣುತ್ತಿದ್ದವು. "ಇದು," ಅಂದಳು.

"ಮೇಡಮ್, ನಿಜ ಹೇಳ್ಬಿಡ್ತೀನಿ. ಸ್ಪೀಡ್ ಸುಮಾರು, ಬಾಡಿ ಪ್ಲಾಸ್ಟಿಕ್ಕು. ಯಾರೂ ಇಷ್ಟಪಟ್ಟು ತೊಗೊಂಡಿಲ್ಲ ಇದನ್ನ. ಕ್ಯಾಮೆರಾ ಮಾತ್ರ ಅದ್ಯಾಕೋ ಚೆನ್ನಾಗಿ ಹಾಕ್ಬಿಟ್ಟಿದ್ದಾರೆ," ಅಂದರು ಅಂಗಡಿಯವರು. ಒಂದೇ ಕೀಲಿ ಒತ್ತಿದರೆ ಗೌರಿಬಿದನೂರಿಗೆ ಕರೆ ಹೋಗುವ ಹಾಗೆ ಅವರೇ ಹೊಂದಿಸಿ, ಆ ಕೀಲಿಗೆ ಒಂದು ಕೆಂಪು ಸ್ಟಿಕ್ಕರನ್ನೂ ಅಂಟಿಸಿ ಕೊಟ್ಟರು. ದಿನಬಳಕೆಗೆ ಒಳ್ಳೆಯದು ಯಾವುದು ಎಂಬ ಪ್ರಶ್ನೆಗೆ ನಮ್ಮ ಸ್ಟಾಫ್ ರೂಮಿನ ಪ್ರಕಾರ ಇದು ತಪ್ಪು ಉತ್ತರ. ನಾವು ಖುಷಿಯಿಂದ ಹೊತ್ತು ತಂದೆವು.

ಅವತ್ತು ಸಂಜೆಯೇ ಕರೆ ಹೋಯಿತು. ಭಾಭಿ ಆ ಕಡೆ ಖಾಲಾನನ್ನು ದೊಡ್ಡ ಪರದೆಯ ಮುಂದೆ ಕೂರಿಸಿದಳು. ನಮ್ಮ ಮೇಜಿನ ಮೇಲೆ ಖಾಲಾನ ಮುಖ ನಿಚ್ಚಳವಾಗಿ ಮೂಡಿತು. ಸೊರಗಿದ್ದಳು, ಕಣ್ಣು ಎಲ್ಲೋ ನೆಟ್ಟಿತ್ತು. ಅಮ್ಮಿ ಕೈ ಒರೆಸಿಕೊಂಡು ಕೂತು, ತಲೆ ತಗ್ಗಿಸಿ, ಕೀಲಿಗಳನ್ನೇ ನೋಡುತ್ತಾ ಸರಸರನೆ ತುಟಿ ಆಡಿಸತೊಡಗಿದಳು. ಬೇಸನ್ನಿನ ಮುಂದೆ ಕಣ್ಣೆತ್ತಿದರೆ ಎಳೆ ತುಂಡಾಗುತ್ತದೆ. ಕಣ್ಣು ನೀರಿನ ಮೇಲಿಟ್ಟು ಬಾಯಿ ಆಡಿಸಿ ಬೆಳೆದವಳು. ಆ ಕಡೆ ಖಾಲಾನಿಗೆ ಕಂಡದ್ದು ದುಪಟ್ಟಾ ಹೊದ್ದ ಒಂದು ನೆತ್ತಿ ಮಾತ್ರ.

"ಯಾರಿದು?" ಅಂದಳು ಖಾಲಾ, ಕಿವುಡರ ಆ ಏರಿಳಿತವಿಲ್ಲದ ದನಿಯಲ್ಲಿ.

ಅಮ್ಮಿ ಬೆಚ್ಚಿ ತಲೆ ಎತ್ತಿದಳು. ನಾನು ಪಕ್ಕದಿಂದ, ಕ್ಯಾಮೆರಾ ನೋಡು, ನೇರ ನೋಡಿ ಮಾತಾಡು ಎಂದು ಕಿರುಚಾಡಿದೆ. ನೇರ ನೋಡಿದ ಕೂಡಲೇ ಅಮ್ಮಿಯ ಮುಖ ಗುರುತಿನ ಚೀಟಿಯ ಫೋಟೊದ ಹಾಗೆ ಬಿಗಿಯಾಯಿತು. ತುಟಿ ಅಲುಗಲೇ ಇಲ್ಲ. ಅಂಗಡಿಯಲ್ಲಿ ನೋಡಿಕೊಂಡದ್ದು ತನ್ನ ಮುಖ; ಆಯುಷ್ಯದಲ್ಲಿ ಎಂದೂ ಅಕ್ಕನ ಎದುರಿಗೆ ಕೂತು ಮಾತಾಡಿದವಳಲ್ಲ, ಯಾವಾಗಲೂ ಪಕ್ಕಪಕ್ಕ. "ಚೆನ್ನಾಗಿದ್ದೀನಿ" ಅಂದು ಖಾಲಾ ಎದ್ದುಹೋದಳು.

ಅಮ್ಮಿ ಊಟ ಮಾಡಲಿಲ್ಲ. "ನನ್ನನ್ನ ನೋಡಿ ಯಾರಿದು ಅಂದ್ಳು" ಎಂದು ಒಂದೇ ಮಾತನ್ನು ಹೇಳಿಕೊಂಡು ಮಲಗಿದಳು. ಬೇಡದ ಪರೀಕ್ಷೆ ಮಾಡಿಸಿಬಿಟ್ಟೆನಲ್ಲ ಎಂದು ನನಗೆ ಸಂಕಟವಾಯಿತು. ಲ್ಯಾಪ್‌ಟಾಪನ್ನು ಅದರ ಡಬ್ಬಿಗೇ ಹಾಕಿ ವಾಪಸು ಕೊಡೋಣವೆಂದುಕೊಂಡೆ.

ಬೆಳಗಾದರೆ ಭಾನುವಾರ. ಅವರೆಕಾಯಿ ಕಾಲ. ಅಮ್ಮಿ ನೆನೆಹಾಕಿದ್ದ ಅವರೆಕಾಳನ್ನು ನೀರು ತುಂಬಿದ ಬೇಸನ್ನಿನಲ್ಲಿಟ್ಟುಕೊಂಡು, ಒಂದೊಂದಾಗಿ ಹಿಸುಕಿ ಸಿಪ್ಪೆಯಿಂದ ಬೇಳೆ ಹಾರಿಸುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ಕೈ ನಿಲ್ಲಿಸಿ ತನ್ನ ಎಡಗಡೆಯ ಖಾಲಿ ಜಾಗವನ್ನು ನೋಡಿದಳು.

"ಆ ಲ್ಯಾಪ್‌ಟಾಪ್ ತಂದು ಇಲ್ಲಿಡು," ಅಂದಳು.

"ಮುಂದೆ ಇಡ್ಲಾ?"

"ಮುಂದೆ ಅಲ್ಲ. ಇಲ್ಲಿ, ಎಡಕ್ಕೆ. ಅಕ್ಕ ಕೂರ್ತಿದ್ದ ಜಾಗದಲ್ಲಿ."

ಸ್ಟೂಲಿನ ಮೇಲೆ ಅವಳ ಭುಜದ ಎತ್ತರಕ್ಕೆ ಇಟ್ಟೆ. ಅವಳೇ ಕೀಲಿ ಒತ್ತಿದಳು. ಭಾಭಿ ಖಾಲಾನನ್ನು ಕರೆತಂದು ಕೂರಿಸಿ ಅಡುಗೆಮನೆಗೆ ಹೋದಳು. ಅಮ್ಮಿ ಪರದೆಯ ಕಡೆ ತಿರುಗಲೇ ಇಲ್ಲ. ಕಣ್ಣು ಬೇಸನ್ನಿನಲ್ಲಿ, ಕೈ ನೀರಿನಲ್ಲಿ, ತುಟಿ ಮಾತ್ರ ಎಡಕ್ಕೆ ಎಳೆದುಕೊಂಡು ಏನೋ ಹೇಳಿತು. ಖಾಲಾ ನೋಡಿದಳು. ಮುಂದಕ್ಕೆ ಬಾಗಿ ನೋಡಿದಳು. ಆಮೇಲೆ ಎದ್ದು ತನ್ನ ಕುರ್ಚಿಯನ್ನು ಎಳೆದು ಅಡ್ಡಕ್ಕೆ ತಿರುಗಿಸಿಕೊಂಡು ಕೂತಳು. ಅವಳ ಕೈಗಳು ಮಡಿಲಲ್ಲಿ ತಾವಾಗಿಯೇ ಎಳೆ ಕೂಡಿಸತೊಡಗಿದವು. ಅವಳ ತುಟಿ ಆಡಿತು.

ಅಮ್ಮಿ ತಲೆ ತಗ್ಗಿಸಿಕೊಂಡೇ ಓರೆಗಣ್ಣಿನಲ್ಲಿ ಅದನ್ನು ಓದಿ ಮೈಯೆಲ್ಲ ಕುಲುಕಿಸಿ ನಕ್ಕಳು. ನಾನು ಪೆನ್ನು ಕೆಳಗಿಟ್ಟೆ. ನಮ್ಮ ಅಮ್ಮಿ ಹಾಗೆ ನಕ್ಕದ್ದನ್ನು ನಾನು ಮರೆತೇಬಿಟ್ಟಿದ್ದೆ. ಇಬ್ಬರೂ ಮಾತಾಡಿದರು, ಬೇಸನ್ನಿನ ಕಾಳು ಮುಗಿದರೂ ಖಾಲಿ ನೀರಿನಲ್ಲಿ ಕೈಯಾಡಿಸುತ್ತಾ ಮಾತಾಡಿದರು. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು. ನಡುವೆ ಭಾಭಿ ಯಾವುದೋ ಡಬ್ಬಿ ಹುಡುಕುತ್ತಾ ಕೋಣೆಯೊಳಗೆ ಬಂದಳು. ತಕ್ಷಣ ಖಾಲಾನ ತುಟಿ ಚಿಕ್ಕದಾಗಿ ಅಲುಗಿತು, ಇಬ್ಬರೂ ಒಟ್ಟಿಗೆ ಮುಖ ಗಂಭೀರ ಮಾಡಿಕೊಂಡರು. ಭಾಭಿ ಹೋದ ಮೇಲೆ ಮತ್ತೆ ನಗು.

"ಏನಂದ್ಳು?" ಅಂತ ತಡೆಯಲಾರದೆ ಕೇಳಿದೆ.

"'ಮಾಲೀಕ ಬಂದ, ಕೆಲಸ ನೋಡು' ಅಂದ್ಳು," ಅಂದಳು ಅಮ್ಮಿ. "ಆಗ ಹಾಗೇ ಹೇಳ್ತಿದ್ದಳು."

"ಮರೆವು?"

"ನಿನಗಿದೆ ಮರೆವು. ಅವಳಿಗೆ ನನ್ನ ಮೊಣಕಾಲು ಎಡದ್ದೋ ಬಲದ್ದೋ ಅನ್ನೋದೂ ನೆನಪಿದೆ." ಅಮ್ಮಿ ಕೈ ಒರೆಸಿಕೊಂಡಳು. ನಗು ಇಳಿಯಿತು. "ಮನೇಲಿ ಎಲ್ಲರೂ ಒಳ್ಳೆಯವರೇ ಅಂತಾಳೆ. ಆದ್ರೆ ಯಾರೂ ಅವಳ ಕಡೆ ತಿರುಗಿ ಮಾತಾಡಲ್ಲವಂತೆ. ಒಲೆ ಕಡೆ ನೋಡ್ತಾ ಕೇಳ್ತಾರಂತೆ, ಫೋನ್ ನೋಡ್ತಾ ಕೇಳ್ತಾರಂತೆ, ಹೋಗ್ತಾ ಹೋಗ್ತಾ ಕೇಳ್ತಾರಂತೆ. ಬಾಯಿ ಕಾಣ್ದಿದ್ರೆ ಏನಂತ ಉತ್ತರ ಕೊಡೋದು, ಅದಕ್ಕೇ ಸುಮ್ಮನಿರ್ತೀನಿ ಅಂದ್ಳು."

ಭಾಭಿ ಮತ್ತೆ ಪರದೆಯಲ್ಲಿ ಕಂಡಾಗ ನಾನು ಲ್ಯಾಪ್‌ಟಾಪಿನ ಮುಂದೆ ಹೋಗಿ ಅದನ್ನು ಹಾಗೆಯೇ ಹೇಳಿದೆ. ಹೇಗೆ ಹೇಳಿದರೂ ದೂರಿನಂತೆ ಕೇಳಿಸುತ್ತದೆ ಎಂಬ ಭಯವಿತ್ತು. ಭಾಭಿ ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತು ಕೇಳಿದಳು. ಸೌಟನ್ನು ಕಿಟಕಿಯ ಮೇಲಿಟ್ಟು, ಸ್ಟೂಲೊಂದನ್ನು ಎಳೆದುಕೊಂಡು ಅತ್ತೆಯ ಪಕ್ಕ ಹತ್ತಿರ ಕೂತಳು. ತಲೆಯ ಮೇಲಿನ ದುಪಟ್ಟಾ ಹಿಂದಕ್ಕೆ ಸರಿಸಿ, ಮುಖ ಪೂರ್ತಿ ಅವಳ ಕಡೆ ತಿರುಗಿಸಿ, ದನಿಯಿಲ್ಲದೆ, ನಿಧಾನವಾಗಿ ತುಟಿ ಆಡಿಸಿದಳು. ಎಷ್ಟು ನಿಧಾನವೆಂದರೆ ನನಗೂ ತಿಳಿಯಿತು. ರಾತ್ರಿ ಊಟ ಸರಿಹೋಯ್ತಾ ಎಂದು ಕೇಳಿದ್ದಳು.

ಖಾಲಾ ಸೊಸೆಯ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕೈ ಹಿಡಿದುಕೊಂಡಳು.

"ಹೋಯ್ತು," ಅಂದಳು. "ಸಾರಿಗೆ ಉಪ್ಪು ಕಮ್ಮಿ ಹಾಕ್ತಿದ್ದೀಯ ಈ ನಡುವೆ. ಯಾರಿಗೆ ಹೇಳ್ಲಿ ಅಂತ ನೋಡ್ತಾ ಕೂತಿದ್ದೆ."